ಎರೆಯ ವಾಸನೆ, ಕೈಯ ವಾಸನೆ: ಮೀನಿಗೆ ತಲುಪುವುದು ಯಾವುದು?

ಮುಂಗಾರಿನ ಮೊದಲ ದೊಡ್ಡ ಮಳೆಗೆ ಹಳ್ಳದ ನೀರು ಕೆಂಪಾಗುತ್ತಿದ್ದಂತೆ ಮಲೆನಾಡಿನಲ್ಲಿ ಹತ್ತುಮೀನಿನ, ಅಂದರೆ ಹೊಸ ನೀರಿಗೆ ಎದುರಾಗಿ ಹತ್ತಿ ಬರುವ ಮೀನಿನ, ಮಾತು ಶುರುವಾಗುತ್ತದೆ. ಬಯಲುಸೀಮೆಯಲ್ಲಿ ಕೆರೆಗೆ ಹೊಸ ನೀರು ಬಂದರೆ ಏರಿಯ ಮೇಲೆ ಗಾಳದ ಕೋಲುಗಳು ಸಾಲುಗಟ್ಟುತ್ತವೆ. ಆ ಸಾಲಿನಲ್ಲಿ ಮೊದಲ ಸಲ ಕುಳಿತವರಿಗೆ ಒಂದು ಗೊಂದಲ ಕಾದಿರುತ್ತದೆ. ಇಬ್ಬರ ಡಬ್ಬಿಯಲ್ಲೂ ಒಂದೇ ಗುಂಡಿಯಿಂದ ಅಗೆದ ಎರೆಹುಳು, ನಡುವೆ ನಾಲ್ಕು ಮಾರು ದೂರವೂ ಇಲ್ಲ. ಆದರೂ ಒಬ್ಬರ ಬೆಂಡು ಮತ್ತೆ ಮತ್ತೆ ಮುಳುಗುತ್ತದೆ, ಇನ್ನೊಬ್ಬರದು ಅಲ್ಲಾಡುವುದೇ ಇಲ್ಲ. 'ನಿನ್ನ ಕೈ ವಾಸನೆ ಸರಿಯಿಲ್ಲ, ಮಣ್ಣು ಉಜ್ಜಿ ತೊಳೆದುಕೊಂಡು ಬಾ' ಎಂದು ಪಕ್ಕದಲ್ಲಿ ಕುಳಿತ ಹಿರಿಯರು ಹೇಳುತ್ತಾರೆ.

ಈ ಮಾತಿನಲ್ಲಿ ಹುರುಳಿದೆ. ಆದರೆ ನಾವು ಅಂದುಕೊಂಡ ರೀತಿಯಲ್ಲಿ ಅಲ್ಲ. ಗಾಳದ ಸಾಮಾನು ಮಾರುವ ಅಂಗಡಿಗಳಲ್ಲಿ ಈಗ ವೆನಿಲ್ಲಾ, ಸ್ಟ್ರಾಬೆರಿ, ಬೆಳ್ಳುಳ್ಳಿಯ ಎಸೆನ್ಸ್ ಬಾಟಲಿಗಳೂ ಸಿಗುತ್ತವೆ. ಅದಕ್ಕೆ ಹಣ ಕೊಡಬೇಕೇ, ಕೈಗೆ ಸೋಪು ಹಚ್ಚಬೇಕೇ ಬೇಡವೇ ಎನ್ನುವ ಮೊದಲು, ನೀರಿನೊಳಗೆ ವಾಸನೆ ಎಂದರೆ ಏನು ಎಂದು ಅರಿಯಬೇಕು.

ಹಾರುವುದು ನಮ್ಮ ಮೂಗಿಗೆ, ಕರಗುವುದು ಮೀನಿನ ಮೂಗಿಗೆ

ಅಡುಗೆಮನೆಯಲ್ಲಿ ಇಂಗಿನ ಒಗ್ಗರಣೆ ಬಿದ್ದರೆ ಜಗುಲಿಯಲ್ಲಿ ಕುಳಿತವರಿಗೂ ಗೊತ್ತಾಗುತ್ತದೆ. ಇಂಗಿನಲ್ಲಿರುವ ಕೆಲವು ಕಣಗಳು ಬಿಸಿಗೆ ಆವಿಯಾಗಿ, ಗಾಳಿಯಲ್ಲಿ ತೇಲಿ ಬಂದು ಮೂಗಿನೊಳಗಿನ ತೇವದ ಪದರಕ್ಕೆ ತಾಗುವುದರಿಂದ ಹೀಗಾಗುತ್ತದೆ. ಗಾಳಿಗೆ ಹಾರದ ವಸ್ತುವಿನ ವಾಸನೆ ನಮಗೆ ತಿಳಿಯುವುದಿಲ್ಲ. ಉಪ್ಪಿನ ಡಬ್ಬಿ, ಸಕ್ಕರೆ ಡಬ್ಬಿಯನ್ನು ಕಣ್ಣು ಮುಚ್ಚಿ ಮೂಸಿದರೆ ಯಾವುದು ಯಾವುದೆಂದು ಹೇಳಲಾಗದಿರುವುದು ಇದಕ್ಕೇ.

ಮೀನಿನ ಜಗತ್ತಿನಲ್ಲಿ ಈ ಲೆಕ್ಕ ತಿರುಗುಮುರುಗಾಗುತ್ತದೆ. ಅಲ್ಲಿ ಗಾಳಿಯಿಲ್ಲ. ನೀರಿನಲ್ಲಿ ಕರಗಿದ್ದು ಮಾತ್ರ ಮೀನಿನ ಮೂಗನ್ನು ತಲುಪುತ್ತದೆ. ನಮಗೆ ಬಹುಮಟ್ಟಿಗೆ ವಾಸನೆಯೇ ಇಲ್ಲದ ವಸ್ತು ಮೀನಿಗೆ ಗಾಢವಾಗಿ ತಿಳಿಯಬಹುದು. ನಮ್ಮ ಮೂಗಿಗೆ ಘಮ್ಮೆನ್ನುವ ಎಣ್ಣೆಯೊಂದು ನೀರಿನಲ್ಲಿ ಕರಗದೆ ಮೇಲಕ್ಕೆ ತೇಲಿ, ತಳದಲ್ಲಿರುವ ಮೀನನ್ನು ತಲುಪದೆಯೇ ಹೋಗಬಹುದು. ಎರೆಯನ್ನು ಮೂಸಿ ನೋಡಿ 'ಇದು ಮೀನಿಗೆ ಹಿಡಿಸುತ್ತದೆ' ಎಂದು ನಿರ್ಧರಿಸುವುದು ಈ ಕಾರಣಕ್ಕೆ ತಪ್ಪು ದಾರಿ.

ಹಾಗಾದರೆ ಮೀನು ಮೂಸುವುದು ಏನನ್ನು? ಎಲ್ಲಕ್ಕಿಂತ ಹೆಚ್ಚಾಗಿ ಅಮೈನೊ ಆಮ್ಲಗಳನ್ನು. ಮಾಂಸ, ಕಾಳು, ಹುಳು, ಸಿಗಡಿ ಎಲ್ಲದರಲ್ಲೂ ಇರುವ ಪ್ರೋಟೀನನ್ನು ಒಂದು ಮಣಿಸರ ಎಂದುಕೊಂಡರೆ ಅದರ ಒಂದೊಂದು ಮಣಿ ಒಂದೊಂದು ಅಮೈನೊ ಆಮ್ಲ. ಇಡೀ ಸರ ದೊಡ್ಡದು, ಮೀನಿನ ಮೂಗಿಗೆ ಅದು ಅಷ್ಟಾಗಿ ತಿಳಿಯದು. ಸರ ಕಡಿದು ಉದುರಿದ ಬಿಡಿ ಮಣಿಗಳು ನೀರಿನಲ್ಲಿ ಸಲೀಸಾಗಿ ಕರಗುತ್ತವೆ, ಇಲ್ಲಿ ತಿನ್ನುವ ವಸ್ತು ಇದೆ ಎಂಬ ಸುದ್ದಿಯನ್ನು ಒಯ್ಯುತ್ತವೆ. ಈ ಮಣಿಸರದ ಹೋಲಿಕೆ ನೆನಪಿನಲ್ಲಿರಲಿ, ಎರೆಯ ಮಾತು ಬಂದಾಗ ಮತ್ತೆ ಬೇಕಾಗುತ್ತದೆ.

ಮೂಗು ಕರೆಯುತ್ತದೆ, ನಾಲಿಗೆ ತೀರ್ಮಾನಿಸುತ್ತದೆ

ರೋಹು ಅಥವಾ ಕಟ್ಲಾದ ಮುಖವನ್ನು ಹತ್ತಿರದಿಂದ ನೋಡಿದರೆ ಕಣ್ಣಿನ ಮುಂದೆ ಒಂದೊಂದು ಕಡೆಗೂ ಎರಡೆರಡು ಸಣ್ಣ ರಂಧ್ರಗಳು ಕಾಣುತ್ತವೆ. ಮುಂದಿನದರಿಂದ ನೀರು ಒಳಗೆ ಹೋಗಿ ಹಿಂದಿನದರಿಂದ ಹೊರಗೆ ಬರುತ್ತದೆ. ಜಿಲೇಬಿ ಮೀನಿನ ಕುಟುಂಬಕ್ಕೆ ಮಾತ್ರ ಕಡೆಗೊಂದೇ ರಂಧ್ರ. ಈ ಮೂಗಿಗೂ ಉಸಿರಾಟಕ್ಕೂ ಸಂಬಂಧವಿಲ್ಲ, ಉಸಿರಾಟ ಕಿವಿರುಗಳ ಕೆಲಸ. ರಂಧ್ರಗಳ ನಡುವಿನ ಚಿಕ್ಕ ಗೂಡಿನಲ್ಲಿ ಹೂವಿನ ಎಸಳುಗಳಂತೆ ಮಡಿಕೆ ಮಡಿಕೆಯಾದ ಪದರವಿದೆ, ವಾಸನೆ ಹಿಡಿಯುವ ಜೀವಕೋಶಗಳು ಅಲ್ಲಿ ಒತ್ತಾಗಿ ಕೂತಿರುತ್ತವೆ. ಪಂಚೆಯನ್ನು ನೆರಿಗೆ ಹಿಡಿದರೆ ಉದ್ದನೆಯ ಬಟ್ಟೆ ಅಂಗೈಯಲ್ಲಿ ಅಡಗುವಂತೆ, ಮಡಿಕೆಗಳಿಂದಾಗಿ ಕಿರಿದಾದ ಜಾಗದಲ್ಲಿ ದೊಡ್ಡ ಮೇಲ್ಮೈ ಹಿಡಿಸುತ್ತದೆ.

ಈ ಮೂಗು ಎಷ್ಟು ಚುರುಕು? ಹಲವು ಜಾತಿಯ ಮೀನುಗಳು ಸುಮಾರು ಒಂದು ಲಕ್ಷ ಲೀಟರ್ ನೀರಿನಲ್ಲಿ ಕರಗಿದ ಒಂದು ಗ್ರಾಂ ಅಮೈನೊ ಆಮ್ಲವನ್ನು ಗುರುತಿಸುತ್ತವೆ. ಹತ್ತು ಸಾವಿರ ಲೀಟರಿನ ಹತ್ತು ಟ್ಯಾಂಕರ್ ನೀರಿಗೆ ಒಂದು ಚಿಟಿಕೆ ಪುಡಿ ಹಾಕಿದಷ್ಟು. ಮುಗುಡಿನಂಥ ಮೀಸೆಯ ಮೀನುಗಳಾದ ಕ್ಯಾಟ್‌ಫಿಶ್‌ಗಳು ಕೆಲವು ಅಮೈನೊ ಆಮ್ಲಗಳನ್ನು ಇದಕ್ಕಿಂತಲೂ ತೆಳುವಾಗಿರುವಾಗಲೇ ಹಿಡಿಯುತ್ತವೆ.

ಮೂಗು ದೂರದಿಂದ ಕರೆದು ತರುತ್ತದೆ ಅಷ್ಟೆ. ನುಂಗಬೇಕೇ ಉಗುಳಬೇಕೇ ಎನ್ನುವುದು ರುಚಿಗೆ ಬಿಟ್ಟದ್ದು, ಮೀನುಗಳ ರುಚಿಯ ಇಂದ್ರಿಯವಂತೂ ಬಾಯಿಗೆ ಸೀಮಿತವಲ್ಲ. ಗೆಂಡೆ ಮೀನಿನ ತುಟಿಯಂಚಿನ ಎಳೆಮೀಸೆ, ಮುಗುಡಿನ ಉದ್ದನೆಯ ಮೀಸೆಗಳ ಮೇಲೆಲ್ಲ ರುಚಿಮೊಗ್ಗುಗಳಿವೆ. ಕ್ಯಾಟ್‌ಫಿಶ್‌ಗಳಿಗೆ ಮೈಯಿಡೀ ರುಚಿಮೊಗ್ಗು. ದೊಡ್ಡದೊಂದು ಮೀನಿನ ಮೈಮೇಲೆ ಒಂದು ಲಕ್ಷಕ್ಕೂ ಹೆಚ್ಚು ಇರಬಲ್ಲವು, ಮನುಷ್ಯರ ಬಾಯಲ್ಲಿರುವುದು ಕೆಲವು ಸಾವಿರ ಮಾತ್ರ. ಈಜುತ್ತಿರುವ ನಾಲಿಗೆಯೊಂದನ್ನು ಊಹಿಸಿಕೊಂಡರೆ ಕ್ಯಾಟ್‌ಫಿಶ್ ಎಂದರೇನು ಎಂದು ತಿಳಿಯುತ್ತದೆ. ಗೆಂಡೆ ಮೀನು ಕೆಸರನ್ನು ಬಾಯಿತುಂಬ ಎಳೆದುಕೊಂಡು, ಬಾಯಿಯ ಮೇಲ್ಭಾಗದಲ್ಲಿರುವ ಮೆತ್ತನೆಯ ಅಂಗದಿಂದ ತಿನ್ನುವುದನ್ನು ಹಿಡಿದಿಟ್ಟು ಉಳಿದದ್ದನ್ನು ಉಗುಳುತ್ತದೆ. ಅಕ್ಕಿ ಕೇರುವ ಮೊರದ ಕೆಲಸವನ್ನು ಅದು ಬಾಯಿಯೊಳಗೇ ಮಾಡುತ್ತದೆ. ಬೆಂಡು ಒಂದೆರಡು ಸಲ ಕುಣಿದು ಸುಮ್ಮನಾದಾಗ ಬಹುಪಾಲು ನಡೆದಿರುವುದು ಇದೇ: ವಾಸನೆಗೆ ಮೀನು ಬಂದಿದೆ, ರುಚಿ ನೋಡಿ ಬೇಡವೆಂದು ಬಿಟ್ಟಿದೆ. ಕೈಯಿಂದ ಎರೆಗೆ ಅಂಟಿದ್ದು ಕೆಡುಕು ಮಾಡುವುದೂ ಹೆಚ್ಚಾಗಿ ಈ ಎರಡನೆಯ ಹಂತದಲ್ಲಿ. ದೂರದಲ್ಲಿ ತೆಳುವಾಗಿ ಕಳೆದುಹೋಗುವ ವಸ್ತು ಎರೆಯ ಮೇಲೆ ಇನ್ನೂ ಗಟ್ಟಿಯಾಗಿ ಕೂತಿರುತ್ತದೆ.

ವಾಸನೆ ಹರಿಯುವ ದಾರಿ

ನಿಂತ ನೀರಿನಲ್ಲಿ ವಾಸನೆ ತಾನಾಗಿ ಹರಡುವುದು ಅತಿ ನಿಧಾನ. ಗಾಳಿಗೆ ಹೋಲಿಸಿದರೆ ಸುಮಾರು ಹತ್ತು ಸಾವಿರ ಪಟ್ಟು ನಿಧಾನ. ಆದ್ದರಿಂದ ನೀರಿನಲ್ಲಿ ವಾಸನೆಯನ್ನು ಹೊರುವುದು ಹರಿವೇ. ಊದುಬತ್ತಿಯ ಹೊಗೆ ಕಿಟಕಿಯ ಗಾಳಿಗೆ ಎಳೆಯಾಗಿ ಬಾಗಿ ಸಾಗುವಂತೆ, ಹೊಳೆಯಲ್ಲಿ ಎರೆಯ ವಾಸನೆ ಕೆಳದಿಕ್ಕಿಗೆ ಉದ್ದನೆಯ ಎಳೆಯಾಗಿ ಸಾಗುತ್ತದೆ. ಆ ಎಳೆ ತಾಗಿದ ಮೀನು ಹರಿವಿಗೆ ಎದುರಾಗಿ, ಎಳೆ ತಪ್ಪಿದಾಗ ಅತ್ತಿತ್ತ ಹುಡುಕುತ್ತ ಮೇಲೇರುತ್ತದೆ. ಹೊಳೆಯಲ್ಲಿ ಎರೆಯ ಕೆಳಗಿರುವ ಮೀನಿಗೆ ಸುದ್ದಿ ಮುಟ್ಟುತ್ತದೆ, ಮೇಲಿರುವುದಕ್ಕೆ ಮುಟ್ಟುವುದಿಲ್ಲ.

ಕೆರೆಯಲ್ಲಿ ಗಾಳಿ ಎಬ್ಬಿಸುವ ಅಲೆ, ಕಾಲುವೆಯಿಂದ ಬೀಳುವ ನೀರು, ಕೋಡಿಯ ಸೆಳೆತ ಇವೇ ಆ ಕೆಲಸ ಮಾಡುತ್ತವೆ. ಹೊಸ ನೀರು ಕೆರೆಗೆ ಸೇರುವ ಜಾಗದಲ್ಲಿ ಗಾಳ ಹಾಕುವ ರೂಢಿಗೆ ಈ ಕಾರಣವೂ ಜೊತೆಗೂಡುತ್ತದೆ. ಮಳೆಯ ಕೆಂಪು ನೀರಿನಲ್ಲಿ ಕಣ್ಣು ಕೆಲಸಕ್ಕೆ ಬಾರದು, ಮೂಗು ಮೀಸೆಗಳನ್ನೇ ನಂಬಬೇಕು. ವಾಸನೆಯ ತೂಕ ಆಗ ಏರುತ್ತದೆ.

ಕೈ ತೊಳೆದ ನೀರಿಗೆ ನಿಂತ ಸಾಲ್ಮನ್

ಮನುಷ್ಯರ ಕೈಯ ವಾಸನೆಗೆ ಮೀನು ಹೆದರುತ್ತದೆ ಎಂಬ ನಂಬಿಕೆಗೆ ಒಂದು ನಿಜವಾದ ಪ್ರಯೋಗದ ಹಿನ್ನೆಲೆಯಿದೆ. ಅದು ನಡೆದದ್ದು ಕೆನಡಾದ ಪಶ್ಚಿಮ ತೀರದ ಬ್ರಿಟಿಷ್ ಕೊಲಂಬಿಯಾದಲ್ಲಿ. ಮೊಟ್ಟೆಯಿಡಲು ಸಮುದ್ರದಿಂದ ಹೊಳೆಗೆ ಮರಳುವ ಸಾಲ್ಮನ್ ಮೀನುಗಳು ಜಲಪಾತ ದಾಟಲೆಂದು ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಮೀನೇಣಿಯನ್ನು ಹತ್ತುತ್ತವೆ. ಜೆ. ಆರ್. ಬ್ರೆಟ್ ಮತ್ತು ಡಿ. ಮೆಕಿನ್ನನ್ ಎಂಬ ವಿಜ್ಞಾನಿಗಳು ಮೇಲಿನಿಂದ ಹರಿದು ಬರುವ ನೀರಿಗೆ ಬಗೆಬಗೆಯ ವಸ್ತುಗಳನ್ನು ಬೆರೆಸಿ ಮೀನುಗಳ ಏರಿಕೆಯನ್ನು ಎಣಿಸಿದರು. ಮನುಷ್ಯರು ಕೈ ಅದ್ದಿದ ನೀರು, ಕರಡಿಯ ಪಂಜ ಅದ್ದಿದ ನೀರು ಬಿದ್ದಾಗ ಮೀನುಗಳು ಹತ್ತುವುದನ್ನು ನಿಲ್ಲಿಸಿ ಹಿಂದೆ ಸರಿದವು, ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಏರಿದವು. ಅವರ ಬರಹ 1954ರಲ್ಲಿ ಪ್ರಕಟವಾಯಿತು.

ಚರ್ಮದಲ್ಲಿರುವ ಯಾವ ವಸ್ತು ಹೀಗೆ ಮಾಡುತ್ತದೆ ಎಂದು ಹುಡುಕಿದ ಇನ್ನೊಂದು ತಂಡ 1956ರಲ್ಲಿ ಉತ್ತರವನ್ನು ಪ್ರಕಟಿಸಿತು: ಎಲ್-ಸೆರೀನ್. ಅದೂ ಒಂದು ಅಮೈನೊ ಆಮ್ಲವೇ. ಮನುಷ್ಯರ ಬೆವರಿನಲ್ಲಿರುವ ಅಮೈನೊ ಆಮ್ಲಗಳಲ್ಲಿ ಅದರ ಪಾಲು ದೊಡ್ಡದು. ಹೊಳೆಯಲ್ಲಿ ಸಾಲ್ಮನ್‌ಗೆ ಕಾದು ಕೂರುವುದು ಕರಡಿ. ಅದರ ಪಂಜದ ಸುಳಿವು ಸಿಕ್ಕಾಗ ನಿಲ್ಲುವ ಮೀನು ಬದುಕುಳಿಯುತ್ತದೆ ಎನ್ನುವುದು ಈ ನಡವಳಿಕೆಗೆ ಕೊಡುವ ವಿವರಣೆ.

ಗಾಳ ಹಾಕುವವರಲ್ಲಿ ಈ ಸಂಗತಿ ಬಹಳ ಬೇಗ ಹಬ್ಬಿತು. ಸೆರೀನ್ ವಾಸನೆಯನ್ನು ಮರೆಮಾಚುತ್ತದೆ ಎಂಬ ಸೋಪುಗಳೂ ಹೊರದೇಶಗಳಲ್ಲಿ ಮಾರಾಟಕ್ಕೆ ಬಂದವು. ಹಬ್ಬುತ್ತ ಹಬ್ಬುತ್ತ ಮೂಲದ ಎರಡು ಮಿತಿಗಳು ಬಿದ್ದುಹೋದವು. ಆ ಪ್ರಯೋಗ ಆಹಾರ ಹುಡುಕುವ ಮೀನುಗಳ ಮೇಲೆ ನಡೆದದ್ದಲ್ಲ, ವಲಸೆಯಲ್ಲಿದ್ದ ಮೀನುಗಳ ಮೇಲೆ ನಡೆದದ್ದು. ಒಂದು ಜಾತಿಯ ಮೀನಿಗೆ ಎಚ್ಚರಿಕೆಯಾದ ವಾಸನೆ ಇನ್ನೊಂದಕ್ಕೂ ಹಾಗೆಯೇ ಇರಬೇಕೆಂದೂ ಇಲ್ಲ. ಕೆನಡಾದ ಸಾಲ್ಮನ್ ನಿಂತಿತು ಎಂದ ಮಾತ್ರಕ್ಕೆ ಮಂಡ್ಯದ ಕೆರೆಯ ರೋಹುವೂ ನಿಲ್ಲುತ್ತದೆ ಎಂದು ಹೇಳುವುದು ಅವಸರದ ಮಾತು.

ಶೃಂಗೇರಿಯ ತುಂಗೆಯಲ್ಲಿ ಸಾವಿರ ಕೈಗಳು

ಇದಕ್ಕೆ ಕಣ್ಣೆದುರಿನ ಉದಾಹರಣೆ ನಮ್ಮಲ್ಲೇ ಇದೆ. ಶೃಂಗೇರಿಯಲ್ಲಿ ತುಂಗೆಯ ಸ್ನಾನಘಟ್ಟದ ಮೆಟ್ಟಿಲಿನ ಮೇಲೆ ದಿನವಿಡೀ ಭಕ್ತರು ಪುರಿ ಎರಚುತ್ತಾರೆ. ಎಣ್ಣೆ ಹಚ್ಚಿದ, ಕುಂಕುಮ ಮೆತ್ತಿದ, ಬೆವೆತ ಕೈಗಳಿಂದಲೇ ಆ ಪುರಿ ನೀರಿಗೆ ಬೀಳುತ್ತದೆ. ಅಲ್ಲಿ ಮೀನು ಹಿಡಿಯುವಂತಿಲ್ಲ. ತೋಳುದ್ದದ ಮೀನುಗಳು ಮೆಟ್ಟಿಲಿಗೇ ಬಂದು ಮುತ್ತುತ್ತವೆ. ಕೈಯ ವಾಸನೆ ಎಲ್ಲ ಮೀನಿಗೂ ಹುಟ್ಟಿನಿಂದ ಬಂದ ಭಯವಾಗಿದ್ದರೆ ಈ ದೃಶ್ಯ ಕಾಣುತ್ತಿರಲಿಲ್ಲ.

ವಾಸನೆಗೆ ಅರ್ಥ ಕೊಡುವುದರಲ್ಲಿ ಅನುಭವದ ಪಾಲು ದೊಡ್ಡದು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಆರ್ಥರ್ ಹ್ಯಾಸ್ಲರ್ ಮತ್ತು ಸಂಗಡಿಗರು ಸಾಲ್ಮನ್ ಮರಿಗಳನ್ನು ಮಾರ್ಫೊಲಿನ್ ಎಂಬ ರಾಸಾಯನಿಕ ಬೆರೆಸಿದ ನೀರಿನಲ್ಲಿ ಕೆಲಕಾಲ ಬೆಳೆಸಿ ಮಿಷಿಗನ್ ಸರೋವರಕ್ಕೆ ಬಿಟ್ಟರು. ದೊಡ್ಡದಾದ ಮೇಲೆ ಆ ಮೀನುಗಳು ಅದೇ ರಾಸಾಯನಿಕ ಬೆರೆಸಿದ ಹೊಳೆಯನ್ನು ಹುಡುಕಿಕೊಂಡು ಬಂದವು. ಮೀನಿನ ಆಹಾರಕ್ಕೂ ಆ ವಸ್ತುವಿಗೂ ಸಂಬಂಧವೇ ಇರಲಿಲ್ಲ, ಎಳವೆಯಲ್ಲಿ ಮೂಗಿಗೆ ಪರಿಚಯವಾಗಿತ್ತು ಅಷ್ಟೆ.

ಎಸೆನ್ಸ್ ಬಾಟಲಿಯ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ವೆನಿಲ್ಲಾದ ವಾಸನೆ ಮೀನಿಗೆ ತಿಳಿಯಬಹುದು, ಆದರೆ ತಿಳಿಯುವುದು ಬೇರೆ, ಹಸಿವು ಕೆರಳುವುದು ಬೇರೆ. ಆ ವಾಸನೆಯ ಉಂಡೆಯನ್ನು ಹಿಂದೆ ತಿಂದ ಮೀನಿಗೆ ಅದು ಊಟದ ಗುರುತು. ತಿನ್ನದ ಮೀನಿಗೆ ಅದು ಹೊಸ ವಸ್ತು, ಅಷ್ಟೇ. ಅದೇ ವಾಸನೆಯ ಉಂಡೆಯಲ್ಲಿ ಗಾಳ ಚುಚ್ಚಿಸಿಕೊಂಡು ತಪ್ಪಿಸಿಕೊಂಡ ಮೀನಿಗೆ ಅದು ಅಪಾಯದ ಗುರುತೂ ಆಗಬಹುದು. ನೆದರ್ಲೆಂಡ್ಸ್‌ನಲ್ಲಿ ಜೆ. ಜೆ. ಬ್ಯೂಕೆಮಾ ಗೆಂಡೆ ಮೀನುಗಳನ್ನು ಗಾಳದಿಂದ ಹಿಡಿದು ಬಿಟ್ಟು ನೋಡಿ 1970ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಒಮ್ಮೆ ಸಿಕ್ಕಿಬಿದ್ದ ಮೀನು ಮತ್ತೆ ಗಾಳಕ್ಕೆ ಸಿಗುವ ಸಾಧ್ಯತೆ ಬಹಳಷ್ಟು ಕುಗ್ಗುತ್ತದೆ. ಒಂದೇ ಏಟಿಗೆ ಪಾಠ ಕಲಿಯುವ ಮೀನಿದು.

ಕೈಗೆ ನಾವೇ ಅಂಟಿಸಿಕೊಂಡದ್ದು

ಬೆವರಿಗಿಂತ ಹೆಚ್ಚಿಗೆ ಯೋಚಿಸಬೇಕಾದದ್ದು ಇದರ ಬಗ್ಗೆ. ಎಲೆಯಡಿಕೆ ಹಾಕಿಕೊಳ್ಳುವವರ ಬೆರಳ ತುದಿಯಲ್ಲಿ ಸುಣ್ಣ ಇರುತ್ತದೆ, ಅದು ತೀಕ್ಷ್ಣ ಕ್ಷಾರ. ಹೊಗೆಸೊಪ್ಪು ತಿಕ್ಕಿದ ಅಂಗೈಯಲ್ಲಿ, ಬೀಡಿ ಹಿಡಿದ ಬೆರಳಲ್ಲಿ ನಿಕೋಟಿನ್ ಇರುತ್ತದೆ. ಅದು ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ಕಹಿ, ಹಿಂದೆ ಕೀಟನಾಶಕವಾಗಿಯೂ ಬಳಕೆಯಲ್ಲಿತ್ತು. ಎರೆಹುಳುವನ್ನು ಅದೇ ಬೆರಳಿನಿಂದ ಗಾಳಕ್ಕೆ ಚುಚ್ಚಿದರೆ ಮೀನಿನ ಬಾಯಿಗೆ ಮೊದಲು ತಾಗುವುದು ಆ ಕಹಿ. ಬೈಕಿನ ಪೆಟ್ರೋಲು, ಪಂಪ್‌ಸೆಟ್ಟಿನ ಡೀಸೆಲ್ ನೀರಿನಲ್ಲಿ ಪೂರ್ತಿ ಕರಗದಿದ್ದರೂ ಅವುಗಳ ಒಂದು ಪಾಲು ಕರಗುತ್ತದೆ, ಉಳಿದದ್ದು ಜಿಡ್ಡಾಗಿ ಎರೆಗೇ ಅಂಟಿ ಕೂರುತ್ತದೆ. ಸೊಳ್ಳೆ ಕ್ರೀಮಿನ ಡೀಟ್ ಎಂಬ ವಸ್ತು ಕೆಲವು ಬಗೆಯ ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸುತ್ತದೆ. ರಬ್ಬರಿನಂಥ ಕೃತಕ ಎರೆ ಬಳಸುವವರು ಅದನ್ನು ಅಂಗೈಗೆ ತಾಗಿಸದಿರುವುದು ಒಳ್ಳೆಯದು.

ಸೋಪಿನ ಸಂಗತಿ ಬೇರೆಯೇ. 1965ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಹತ್ತು ಲಕ್ಷ ಪಾಲು ನೀರಿಗೆ ಅರ್ಧ ಪಾಲಿನಷ್ಟು ಡಿಟರ್ಜೆಂಟ್ ಬೆರೆತಾಗಲೇ ಕ್ಯಾಟ್‌ಫಿಶ್‌ನ ರುಚಿಮೊಗ್ಗುಗಳು ಹಾಳಾದದ್ದು ಕಂಡುಬಂತು. ಕೈಗಂಟಿದ ಒಂದಿಷ್ಟು ಸೋಪಿನಿಂದ ಕೆರೆಯ ಮೀನಿಗೆ ಹೀಗಾಗದು, ಆದರೆ ಗಾಳ ಹಾಕುವ ಜಾಗದಲ್ಲೇ ಸೋಪು ಹಚ್ಚಿ ಕೈ ತೊಳೆಯಬಾರದು ಎನ್ನಲು ಇಷ್ಟು ಸಾಕು. ಮನೆಯಲ್ಲೇ ಸುವಾಸನೆಯಿಲ್ಲದ ಸೋಪಿನಿಂದ ತೊಳೆದು, ಬೇಕಾದಷ್ಟು ನೀರು ಸುರಿದು, ದಡಕ್ಕೆ ಬಂದ ಮೇಲೆ ಅಲ್ಲಿನ ಮಣ್ಣು ಉಜ್ಜಿ ಇನ್ನೊಮ್ಮೆ ತೊಳೆದರೆ ಆಯಿತು. ಹಿರಿಯರ ಮಣ್ಣಿನ ಮಾತು ಸರಿ. ಜೇಡಿಮಣ್ಣಿನ ನುಣುಪು ಕಣಗಳು ಜಿಡ್ಡನ್ನು ಹೀರಿ ಹಿಡಿಯುತ್ತವೆ, ಆ ಮಣ್ಣಿನ ವಾಸನೆಯೂ ಆ ನೀರಿಗೆ ಹೊಸದಲ್ಲ.

ಮಲೆನಾಡಿನವರು ಗಮನಿಸಬೇಕಾದ ಇನ್ನೊಂದು ವಿಷಯವಿದೆ. ಮಳೆಗಾಲದ ಹೊತ್ತಿಗೆ ಅಡಿಕೆ ತೋಟಗಳಿಗೆ ಕೊಳೆರೋಗದ ವಿರುದ್ಧ ಬೋರ್ಡೋ ದ್ರಾವಣ ಸಿಂಪಡಿಸುತ್ತಾರೆ: 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತ ಎಂದರೆ ತಾಮ್ರದ ಲವಣ. ನೀರಿನಲ್ಲಿ ಕರಗಿದ ತಾಮ್ರ ಮೀನಿನ ಮೂಗಿಗೆ ನೇರ ಶತ್ರು. ಲೀಟರಿಗೆ ಕೆಲವೇ ಮೈಕ್ರೊಗ್ರಾಂ ತಾಮ್ರ ಸೇರಿದರೂ ಕೋಹೊ ಸಾಲ್ಮನ್ ಮರಿಗಳ ವಾಸನೆ ಹಿಡಿಯುವ ಶಕ್ತಿ ಒಂದು ಗಂಟೆಯೊಳಗೆ ಮಂಕಾಗುತ್ತದೆ ಎಂದು 2003ರ ಅಧ್ಯಯನವೊಂದು ತೋರಿಸಿದೆ. ನೀರಿನಲ್ಲಿರುವ ಕೊಳೆತ ಎಲೆಯ ಅಂಶ ತಾಮ್ರವನ್ನು ಕಟ್ಟಿಹಾಕಿ ಪರಿಣಾಮವನ್ನು ತಗ್ಗಿಸುತ್ತದೆ, ನಿಜ. ಆದರೂ ಸಿಂಪಡಣೆಯ ಡ್ರಮ್ಮನ್ನು ಹಳ್ಳದಲ್ಲಿ ತೊಳೆಯುವುದೂ, ಅದೇ ಕೈಯಲ್ಲಿ ಸಂಜೆ ಗಾಳ ಹಿಡಿಯುವುದೂ ತರವಲ್ಲ. ವಾಸನೆ ಹಿಡಿಯಲಾಗದ ಮೀನಿಗೆ ಎರೆಯೂ ತಿಳಿಯದು, ಹತ್ತಿರ ಬಂದ ಶತ್ರುವೂ ತಿಳಿಯದು.

ರಾಗಿ ಮುದ್ದೆ, ಹಿಂಡಿ, ಎರೆಹುಳು

ಈಗ ಮಣಿಸರಕ್ಕೆ ಮರಳೋಣ. ಒಳ್ಳೆಯ ಎರೆ ಎಂದರೆ ಬಿಡಿ ಮಣಿಗಳನ್ನು ನಿಧಾನವಾಗಿ, ಬಿಡದೆ ನೀರಿಗೆ ಉದುರಿಸುವ ವಸ್ತು. ಎರೆಹುಳುವನ್ನು ತುಂಡು ಮಾಡಿ ಸಿಕ್ಕಿಸಿದರೆ ಅದರ ಮೈಯ ರಸ ಸೋರುತ್ತದೆ. ಬಹಳ ಹೊತ್ತು ನೀರಿನಲ್ಲಿದ್ದು ಬಿಳಿಚಿಕೊಂಡ ಹುಳುವಿನಲ್ಲಿ ಸೋರಲು ಏನೂ ಉಳಿದಿರುವುದಿಲ್ಲ, ಬೆಂಡು ಅಲ್ಲಾಡದಿದ್ದರೂ ಅದನ್ನು ಬದಲಿಸಬೇಕು.

ಕಡಲೆಕಾಯಿ ಹಿಂಡಿಯನ್ನು ನೆನೆಸಿಟ್ಟು ಒಂದು ರಾತ್ರಿ ಹುಳಿ ಬರಿಸುವ ರೂಢಿ ಹಲವು ಕಡೆ ಇದೆ. ದೋಸೆ ಹಿಟ್ಟಿನಲ್ಲಿ ನಡೆಯುವಂಥ ಕೆಲಸವೇ ಅಲ್ಲೂ ನಡೆಯುತ್ತದೆ. ಸೂಕ್ಷ್ಮಜೀವಿಗಳು ಪ್ರೋಟೀನಿನ ಸರವನ್ನು ಕಡಿದು ಮಣಿಗಳನ್ನು ಬಿಡಿಸುತ್ತವೆ. ಕಡಲೆಕಾಯಿಯ ಪ್ರೋಟೀನಿನಲ್ಲಿ ಆರ್ಜಿನೀನ್ ಎಂಬ ಅಮೈನೊ ಆಮ್ಲ ಧಾರಾಳವಾಗಿದೆ, ಕ್ಯಾಟ್‌ಫಿಶ್‌ಗಳ ರುಚಿಮೊಗ್ಗುಗಳು ಬಹಳ ಚುರುಕಾಗಿ ಸ್ಪಂದಿಸುವ ವಸ್ತುಗಳಲ್ಲಿ ಅದೂ ಒಂದು. ಸಾಕಣೆಯ ಕೊಳಗಳಲ್ಲಿ ಕಟ್ಲಾ, ರೋಹು, ಮೃಗಾಲ್ ಮೀನುಗಳಿಗೆ ಹಾಕುವ ಸಾಂಪ್ರದಾಯಿಕ ಆಹಾರ ಅಕ್ಕಿ ತೌಡು ಮತ್ತು ಕಡಲೆಕಾಯಿ ಹಿಂಡಿಯ ಮಿಶ್ರಣ. ಅದನ್ನೇ ತಿಂದು ಬೆಳೆದ ಮೀನಿಗೆ ಅದೇ ವಾಸನೆಯ ಉಂಡೆ ಮನೆಯೂಟ. ನನ್ನ ತೂಕದಲ್ಲಿ ಇಂಥ ಕೊಳದಲ್ಲಿ ಯಾವ ಎಸೆನ್ಸಿಗಿಂತಲೂ ಇದೇ ಮೇಲು.

ಕಾವೇರಿಯ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಗಳಲ್ಲಿ ಗಾಳದ ಶಿಬಿರಗಳಿದ್ದ ಕಾಲದಲ್ಲಿ ಹೊಳೆಯ ದೊಡ್ಡ ಮೀನಾದ ಮಹಶೀರ್‌ಗೆ ಹೆಸರುವಾಸಿ ಎರೆ ರಾಗಿ ಮುದ್ದೆಯೇ ಆಗಿತ್ತು. ಬೆಂದ ರಾಗಿಯ ಪಿಷ್ಟ ಅಂಟಿಕೊಂಡು ಗಟ್ಟಿಯಾಗುವುದರಿಂದ ರಭಸದ ನೀರಿನಲ್ಲೂ ಉಂಡೆ ಒಡೆಯುವುದಿಲ್ಲ, ಮೇಲ್ಪದರ ಮಾತ್ರ ಸವೆಯುತ್ತ ವಾಸನೆಯನ್ನು ಬಿಡುತ್ತ ಹೋಗುತ್ತದೆ. ಆ ಮಹಶೀರ್ ಜಾತಿ ಈಗ ಅಳಿವಿನ ಅಂಚಿನಲ್ಲಿದೆ. 2018ರಲ್ಲಿ ಅದನ್ನು ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. ಕಾವೇರಿ ವನ್ಯಜೀವಿಧಾಮದೊಳಗೆ ಈಗ ಗಾಳ ಹಾಕುವಂತಿಲ್ಲ.

ಗಾಯದ ವಾಸನೆ

ಮೀನಿನಿಂದಲೇ ಕೈಗೆ ಅಂಟುವ ಒಂದು ವಾಸನೆ ಮನುಷ್ಯರ ಬೆವರಿಗಿಂತ ಹೆಚ್ಚು ಗಾಬರಿ ಹುಟ್ಟಿಸಬಲ್ಲದು. ಜೇನುನೊಣಗಳ ಭಾಷೆ ಓದಿ 1973ರಲ್ಲಿ ನೊಬೆಲ್ ಪಡೆದ ಕಾರ್ಲ್ ಫಾನ್ ಫ್ರಿಶ್ ಅದಕ್ಕೂ ಬಹಳ ಹಿಂದೆ, 1938ರಲ್ಲಿ, ಇದನ್ನು ವರದಿ ಮಾಡಿದ್ದರು. ಗಾಯಗೊಂಡ ಪುಟ್ಟ ಮೀನೊಂದನ್ನು ಅದರ ಗುಂಪಿಗೆ ಬಿಟ್ಟಾಗ ಉಳಿದವು ಚದುರಿ ಅಡಗಿದವು. ಚರ್ಮದ ವಿಶೇಷ ಜೀವಕೋಶಗಳು ಒಡೆದಾಗ ನೀರಿಗೆ ಸೇರುವ ವಸ್ತು ಅದಕ್ಕೆ ಕಾರಣ. ಈ ಏರ್ಪಾಡು ಗೆಂಡೆ ಮತ್ತು ಕ್ಯಾಟ್‌ಫಿಶ್‌ಗಳ ದೊಡ್ಡ ಬಳಗದಲ್ಲಿದೆ. ನಮ್ಮ ಕೆರೆಗಳ ಬಹುಪಾಲು ಮೀನು ಆ ಬಳಗದವೇ.

ಹಿಡಿದ ಗೆಂಡೆಯನ್ನು ದಡದಲ್ಲೇ ಕೊಯ್ದು, ಆ ಕೈಯಲ್ಲೇ ಹಿಂಡಿಯ ಉಂಡೆ ಕಟ್ಟಿ ಅದೇ ಜಾಗಕ್ಕೆ ಎಸೆದರೆ ಹಿಡಿಯಬೇಕೆಂದ ಮೀನುಗಳಿಗೆ ನಾವೇ ಎಚ್ಚರಿಕೆ ಕಳಿಸಿದಂತೆ. ಮೀನು ತಿನ್ನುವ ಮೀನಿಗೆ ಗಾಳ ಹಾಕಿದ್ದರೆ ಲೆಕ್ಕ ಬೇರೆ. ಗಾಯದ ವಾಸನೆ ಎಲ್ಲೋ ಸುಲಭದ ಬೇಟೆಯಿದೆ ಎಂಬ ಸುಳಿವಾಗಿ ಬೇಟೆಗಾರ ಮೀನುಗಳನ್ನು ಸೆಳೆಯಬಲ್ಲದು.

ಯಾವ ಮೀನಿಗೆ ಎಷ್ಟು

ಕೊರವ ಮೀನು ಕಪ್ಪೆಯ ಮಿಸುಕಾಟ ನೋಡಿ ಎರಗುತ್ತದೆ. ತಿಳಿನೀರಿನಲ್ಲಿ ಅದಕ್ಕೆ ಗಾಳ ಹಾಕುವವರು ಕೈಯ ವಾಸನೆಗಿಂತ ತಮ್ಮ ನೆರಳು ನೀರಿನ ಮೇಲೆ ಬೀಳದಂತೆ ನೋಡಿಕೊಳ್ಳಬೇಕು. ಜಿಲೇಬಿಯೂ ಬಹಳಷ್ಟು ಕಣ್ಣನ್ನು ನಂಬುವ ಮೀನು. ತಳದಲ್ಲಿ ತಡಕುವ ಗೆಂಡೆ, ಮೃಗಾಲ್‌ಗಳಿಗೆ ವಾಸನೆ, ರುಚಿ ಎರಡೂ ಬೇಕು. ರಾತ್ರಿ ಹೊರಡುವ ಮುಗುಡಿನಂಥ ಮೀಸೆಯ ಮೀನುಗಳಿಗೆ ವಾಸನೆಯೇ ದಾರಿದೀಪ, ಅವಕ್ಕೆ ಕೋಳಿ ಕರುಳು ಒಗ್ಗುವುದೂ ಅದಕ್ಕೇ.

ಇದನ್ನು ನಿಮ್ಮ ಕೆರೆಯಲ್ಲೇ ಪರೀಕ್ಷಿಸಬಹುದು. ಎರಡು ಕೋಲು, ಒಂದೇ ಅಳತೆಯ ಗಾಳ, ಒಂದೇ ಡಬ್ಬಿಯ ಹುಳು. ಒಂದಕ್ಕೆ ಮಣ್ಣು ಉಜ್ಜಿ ತೊಳೆದ ಕೈಯಿಂದ, ಇನ್ನೊಂದಕ್ಕೆ ಸುವಾಸನೆಯ ಸೋಪು ಹಚ್ಚಿದ ಕೈಯಿಂದ ಹುಳು ಸಿಕ್ಕಿಸಿ. ಅರ್ಧ ಗಂಟೆಗೊಮ್ಮೆ ಕೋಲುಗಳ ಜಾಗವನ್ನು ಅದಲು ಬದಲು ಮಾಡಿ, ಇಲ್ಲವಾದರೆ ಜಾಗದ ಗುಣವನ್ನು ಕೈಯ ಗುಣವೆಂದು ತಪ್ಪಾಗಿ ತಿಳಿಯುತ್ತೀರಿ. ಬೆಂಡು ಕುಣಿದದ್ದು ಎಷ್ಟು ಸಲ, ಪೂರ್ತಿ ಮುಳುಗಿದ್ದು ಎಷ್ಟು ಸಲ ಎಂದು ಬೇರೆ ಬೇರೆಯಾಗಿ ಬರೆದಿಡಿ. ಮೊದಲನೆಯದು ಮೀನು ವಾಸನೆಗೆ ಬಂದ ಲೆಕ್ಕ, ಎರಡನೆಯದು ರುಚಿಗೆ ಒಪ್ಪಿದ ಲೆಕ್ಕ. ಒಂದು ದಿನದ ಲೆಕ್ಕ ಸಾಲದು, ನಾಲ್ಕೈದು ಭಾನುವಾರಗಳದ್ದಾದರೂ ಕೂಡಿರಬೇಕು. ಬಿಟ್ಟುಬಿಡಬೇಕೆಂದಿರುವ ಸಣ್ಣ ಮೀನನ್ನು ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳಿ. ಒಣಗಿದ ಅಂಗೈಗೆ ಅದರ ಮೈಯ ಲೋಳೆ ಕಿತ್ತು ಬರುತ್ತದೆ, ರೋಗಾಣುಗಳನ್ನು ತಡೆಯಲು ಅದಕ್ಕಿರುವ ಮೊದಲ ಹೊದಿಕೆ ಅದೇ.